ಗುಂಡಿ ಮುಚ್ಚುವ ಮುನ್ನ

ಅಟ್ಲಾಂಟಾದಿಂದ ಉತ್ತರ ಕೆರೊಲಿನಾದತ್ತ ಹಬ್ಬಿರುವ ಪೀಡ್‌ಮಾಂಟ್ ಸೀಮೆಯ ಮಣ್ಣು ನಮ್ಮ ಮಲೆನಾಡಿನ ಮಣ್ಣಿನಂತೆಯೇ ಕೆಂಪು. ಷಾರ್ಲಟ್ ನಗರದ ಹೊರವಲಯದಲ್ಲಿರುವ ನಮ್ಮ ಮನೆಗೆ ಮುಖ್ಯರಸ್ತೆಯಿಂದ ಜಲ್ಲಿಯ ದಾರಿಯೊಂದಿದೆ. ಖಾಸಗಿ ದಾರಿಯಾದ್ದರಿಂದ ಅದರ ದುರಸ್ತಿ ಮನೆಯವರದೇ ಹೊಣೆ.

ಬೇಸಿಗೆಯ ಪ್ರತಿ ಗುಡುಗುಮಳೆಯ ನಂತರವೂ ಗುಂಡಿಗಳಿಗೆ ಜಲ್ಲಿ ಸುರಿಯುತ್ತಿದ್ದೆ. ವಾರ ಕಳೆಯುವುದರೊಳಗೆ ಅದೇ ಜಾಗದಲ್ಲಿ ಅದೇ ಗುಂಡಿ. ಊರಿನಿಂದ ಬಂದಿದ್ದ ಅಮ್ಮ ಅಲ್ಲಿ ಮುಗ್ಗರಿಸಿದ ದಿನ, ನೆರೆಯ ವೃದ್ಧ ರೈತರೊಬ್ಬರು ತಮ್ಮ ಟ್ರ್ಯಾಕ್ಟರ್ ತಂದರು.

ಅವರು ಗುಂಡಿಯನ್ನು ಮುಚ್ಚಲಿಲ್ಲ. ಉಕ್ಕಿನ ಹಲ್ಲುಗಳಿಂದ ದಾರಿಯನ್ನೆಲ್ಲ ಗುಂಡಿಯ ತಳದವರೆಗೂ ಕೆದಕಿದರು. ಗಟ್ಟಿಯಾದ ತಳ ಹಾಗೆಯೇ ಉಳಿದರೆ ಅದು ನೀರು ಹಿಡಿಯುವ ಬಟ್ಟಲು. ಮೇಲೆ ಸುರಿದ ಜಲ್ಲಿಯನ್ನು ಚಕ್ರಗಳು ಹೊರಗೆ ಚಿಮ್ಮಿಸುತ್ತವೆ. ಬಳಿಕ ಅಲಗನ್ನು ಓರೆಯಾಗಿಸಿ, ಅಂಚಿಗೆ ಸರಿದಿದ್ದ ಜಲ್ಲಿಯನ್ನು ನಡುವಿಗೆ ಎಳೆದರು. 12 ಅಡಿ ಅಗಲದ ದಾರಿಯ ನಡುಭಾಗ ಅಂಚಿಗಿಂತ ಸುಮಾರು 3 ಅಂಗುಲ ಎತ್ತರವಿದ್ದರೆ ಮಳೆನೀರು ಎರಡೂ ಬದಿಗೆ ಇಳಿದುಹೋಗುತ್ತದೆ. ನೆಲ ತುಸು ತೇವವಿದ್ದಾಗಲೇ ಈ ಕೆಲಸ ಆಗಬೇಕು. ಒಣಗಿದ್ದರೆ ಜಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳದು.

ದಾರಿಯೆಂದರೆ ಸಮತಟ್ಟಾಗಿರಬೇಕೆಂಬ ನನ್ನ ತಿಳಿವಳಿಕೆಯೇ ತಪ್ಪಾಗಿತ್ತು. ಗದ್ದೆಗೆ ಹಲಗೆ ಹೊಡೆಯುವುದು ನೀರು ನಿಲ್ಲಲೆಂದು. ದಾರಿಗೆ ಅಲಗು ಎಳೆಯುವುದು ನೀರು ನಿಲ್ಲದಿರಲೆಂದು. ಗದ್ದೆಯ ಮನೆಯಲ್ಲಿ ಬೆಳೆದ ಅಮ್ಮನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಮರುದಿನದ ಮಳೆಯಲ್ಲಿ ನೀರು ಬದಿಗಿಳಿಯುವುದನ್ನು ಕಿಟಕಿಯಿಂದ ನೋಡಿದರು. ಹೊಳವಾದ ಮೇಲೆ ಕೋಲೂರಿಕೊಂಡು ಅಂಚೆಪೆಟ್ಟಿಗೆಯವರೆಗೆ ಒಬ್ಬರೇ ಹೋಗಿಬಂದರು.