ಸೋಮನಹಳ್ಳಿಯಿಂದ ಸಂಸತ್ತಿಗೆ

ಬೆಂಗಳೂರು-ಮೈಸೂರು ರೈಲಿನಲ್ಲಿ ಪ್ರಯಾಣ ಮಾಡುವವರು ಮದ್ದೂರನ್ನು ವಡೆಯ ನೆಪದಿಂದಲಾದರೂ ಬಲ್ಲರು. ಆ ತಾಲ್ಲೂಕಿನ ಸೋಮನಹಳ್ಳಿಯಲ್ಲಿ 1932ನೆಯ ಇಸವಿ ಮೇ 1ರಂದು ಜನಿಸಿದ ಶ್ರೀ ಎಸ್. ಎಂ. ಕೃಷ್ಣ ಅವರು ನ್ಯಾಯಶಾಸ್ತ್ರವನ್ನು ಅರಸುತ್ತ ಬಹುದೂರ ಹೋದವರು. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಕಾನೂನು ಕಾಲೇಜುಗಳನ್ನು ಮುಗಿಸಿ, ಅಮೆರಿಕಾದ ಡಲ್ಲಾಸ್ ಮತ್ತು ವಾಷಿಂಗ್ಟನ್ ನಗರಗಳಲ್ಲಿ ವ್ಯಾಸಂಗ ಮಾಡಿ, ಮರಳಿ ಬಂದು ಬೆಂಗಳೂರಿನ ರೇಣುಕಾಚಾರ್ಯ ಕಾನೂನು ಕಾಲೇಜಿನಲ್ಲಿ ಅಂತರರಾಷ್ಟ್ರೀಯ ನ್ಯಾಯವನ್ನು ಬೋಧಿಸಿದರು.

ಅಧ್ಯಾಪಕ ವೃತ್ತಿ ಬಹುಕಾಲ ನಡೆಯಲಿಲ್ಲ. 1962ರಲ್ಲಿ ಮದ್ದೂರಿನಿಂದ ಸ್ವತಂತ್ರ ಅಭ್ಯರ್ಥಿಯಾಗಿ ನಿಂತು, ಕಾಂಗ್ರೆಸಿನ ಕೆ. ವಿ. ಶಂಕರಗೌಡರಂತಹ ಜನಪ್ರಿಯರನ್ನು ಸೋಲಿಸಿದರು. 1967ರಲ್ಲಿ ತಾವೇ ಸೋತರು. ಮರುವರ್ಷದ ಉಪಚುನಾವಣೆಯಲ್ಲಿ ಮಂಡ್ಯದ ಜನ ಅವರನ್ನು ಪ್ರಜಾ ಸಮಾಜವಾದಿ ಪಕ್ಷದಿಂದ ಲೋಕಸಭೆಗೆ ಕಳುಹಿಸಿದರು. 1971ರಲ್ಲಿ ಕಾಂಗ್ರೆಸಿನಿಂದ ಗೆದ್ದು, 1972ರಲ್ಲಿ ರಾಜ್ಯದ ಮಂತ್ರಿಗಿರಿಗೆಂದು ಆ ಸ್ಥಾನವನ್ನು ಬಿಟ್ಟರು. 1980ರಲ್ಲಿ ಮತ್ತೆ ಅಲ್ಲಿಗೇ ಹೋದರು. ಪಕ್ಷಗಳು ಬದಲಾದುದನ್ನು ಆಕ್ಷೇಪಿಸುವವರುಂಟು. ಆ ಆಕ್ಷೇಪಣೆಯು ಕೇವಲ ನಿರಾಧಾರವೆನ್ನಲಾಗದು.

ಆದರೆ ಅವರ ನಿಜವಾದ ಪರೀಕ್ಷೆ ನಡೆದುದು ದೆಹಲಿಯ ಸಭೆಯಲ್ಲಲ್ಲ. ಒಂದೇ ನದಿ ಹಲವು ರಾಜ್ಯಗಳಲ್ಲಿ ಹರಿದರೆ ಮೇಲಣವರ ಹಕ್ಕೆಷ್ಟು, ಕೆಳಗಣವರ ಹಕ್ಕೆಷ್ಟು ಎಂಬುದು ಅವರು ಬೋಧಿಸಿದ ಶಾಸ್ತ್ರದ ಹಳೆಯ ಪ್ರಶ್ನೆ. ಕಾವೇರಿಯ ವಿಷಯದಲ್ಲಿ ಮೈಸೂರು-ಮದರಾಸುಗಳು 1924ರಲ್ಲಿ ಒಪ್ಪಂದ ಮಾಡಿಕೊಂಡರೂ, ಅದು ಬಗೆಹರಿಯದೆ 1990ರಲ್ಲಿ ನ್ಯಾಯಾಧಿಕರಣವು ನೇಮಕವಾಯಿತಷ್ಟೆ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದಾಗ, 2002ರಲ್ಲಿ, ಮಳೆ ಕೈಕೊಟ್ಟಿತು. ತಮಿಳುನಾಡಿಗೆ ನೀರು ಬಿಡಬೇಕೆಂದು ಸರ್ವೋಚ್ಚ ನ್ಯಾಯಾಲಯದ ಅಪ್ಪಣೆ. ಕನ್ನಂಬಾಡಿ ಕಟ್ಟೆಯ ನೀರನ್ನೇ ನಂಬಿ ಭತ್ತ, ಕಬ್ಬು ಬೆಳೆದ ಮಂಡ್ಯದ ರೈತರು ಬೀದಿಯಲ್ಲಿ. ಅಕ್ಟೋಬರಿನಲ್ಲಿ ಅವರು ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟರು. ಬಳಿಕ ನ್ಯಾಯಾಂಗ ನಿಂದನೆಯ ಪ್ರಶ್ನೆ ಎದ್ದಾಗ ನ್ಯಾಯಾಲಯದ ಕ್ಷಮೆ ಯಾಚಿಸಿದರು, ನೀರನ್ನೂ ಬಿಡಿಸಿದರು. ಇದನ್ನು ಅಂಜಿಕೆಯೆಂದು ಕರೆದವರು ಅನೇಕರು. ನ್ಯಾಯವನ್ನು ಓದಿದವನಿಗೆ ತೀರ್ಪನ್ನು ಮೀರುವ ಧೈರ್ಯವು ಧೈರ್ಯವಾಗಿ ಕಾಣುವುದಿಲ್ಲವೆಂದು ನನಗೆ ತೋರುತ್ತದೆ. ಆದರೂ ಒಣಗಿದ ಗದ್ದೆಯ ಬದುವಿನಲ್ಲಿ ನಿಂತವರಿಗೆ ಈ ಮಾತನ್ನು ಹೇಳುವುದು ಸುಲಭವಲ್ಲ.

2004ರ ಚುನಾವಣೆಯಲ್ಲಿ ಅವರು ಮದ್ದೂರನ್ನು ಬಿಟ್ಟು ಬೆಂಗಳೂರಿನ ಚಾಮರಾಜಪೇಟೆಯಿಂದ ನಿಂತು ಗೆದ್ದರು. ಮುಂದೆ ಮಹಾರಾಷ್ಟ್ರದ ರಾಜ್ಯಪಾಲರಾಗಿ, ರಾಜ್ಯಸಭೆಯ ಸದಸ್ಯರಾಗಿ, 2009ರಿಂದ 2012ರವರೆಗೆ ವಿದೇಶಾಂಗ ಸಚಿವರಾಗಿ ಇದ್ದರು. ಬೋಧಿಸಿದ ಶಾಸ್ತ್ರವನ್ನು ಆಚರಿಸುವ ಯೋಗ ಆಗ ಒದಗಿತು. 2024ರ ಡಿಸೆಂಬರ್ 10ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಮರುದಿನ ಸೋಮನಹಳ್ಳಿಯಲ್ಲಿಯೇ ಅಂತ್ಯಕ್ರಿಯೆ ನಡೆಯಿತು.