ಗುಹ್ಯಾಂಗದ ಗಟ್ಟಿ ಗಂಟು: ರೈತರಿಗೆ ಎಚ್ಚರಿಕೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ರೈತರು ಎತ್ತಿನ ಕೋಡು ಓರೆಯಾದರೆ ಅರ್ಬುದವಿರಬಹುದೆಂದು ಕೂಡಲೆ ಪಶುವೈದ್ಯರಿಗೆ ತೋರಿಸುವರು. ತಮ್ಮ ಗುಹ್ಯಾಂಗದಲ್ಲಿ ಗಂಟು ಕಂಡರೆ ಮಾತ್ರ ನಾಚಿಕೆಯಿಂದ ಮರೆಮಾಡುವರು. ಈ ರೂಢಿಯು ಪ್ರಾಣಕ್ಕೆ ಅಪಾಯಕರವಾದುದು.

ಶಿಶ್ನದ ಅರ್ಬುದಗಳಲ್ಲಿ ಬಹುಪಾಲು ಚರ್ಮದಲ್ಲಿ ಹುಟ್ಟತಕ್ಕವು. ಅಶುಚಿತ್ವ, ಹಿಂದೆ ಸರಿಯದ ಮುಂದೊಗಲು, ತಂಬಾಕು, ಪ್ಯಾಪಿಲೋಮಾ ವೈರಾಣು ಇವು ಅದಕ್ಕೆ ಅನುಕೂಲಕರವಾದುವು. ಅತಿ ವಿರಳವಾಗಿ ಶಿಶ್ನದಲ್ಲಾಗಲಿ, ವೃಷಣದ ಬದಿಯಲ್ಲಾಗಲಿ ಆಸ್ಟಿಯೋಸಾರ್ಕೋಮಾ ಎಂಬ ಅರ್ಬುದವು ಹುಟ್ಟುವುದುಂಟು. ಅಲ್ಲಿ ಮೂಳೆಯಿಲ್ಲದಿದ್ದರೂ ಅದರ ಜೀವಕಣಗಳು ತಾವೇ ಮೂಳೆಯ ದ್ರವ್ಯವನ್ನು ಕಟ್ಟುವುವು. ರೋಗವು ರಕ್ತದ ಮೂಲಕ ಶ್ವಾಸಕೋಶಕ್ಕೂ ಹರಡಬಲ್ಲದು.

ಗಟ್ಟಿಯಾದುದೆಲ್ಲವೂ ಅರ್ಬುದವಲ್ಲ. ಪೆಯ್ರೋನಿ ರೋಗದಲ್ಲಿಯೂ ಶಿಶ್ನದೊಳಗೆ ಸುಣ್ಣ ಕಟ್ಟುವುದುಂಟು, ಅದು ಪ್ರಾಣಘಾತಕವಲ್ಲ. ಯಾವುದೆಂಬುದನ್ನು ಗಂಟಿನ ಅಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರೇ ನಿರ್ಣಯಿಸತಕ್ಕದ್ದು. ಗಂಟು ಚಿಕ್ಕದಿರುವಾಗಲೇ ಶಸ್ತ್ರಕ್ರಿಯೆಯಾದರೆ ಅಂಗವೂ ಜೀವವೂ ಉಳಿಯುವ ಸಂಭವ ಹೆಚ್ಚು.

ಆದುದರಿಂದ ಸೊಪ್ಪಿನ ಲೇಪ, ಬರೆಗಳಲ್ಲಿ ಕಾಲಹರಣ ಮಾಡದೆ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಅಲ್ಲಿಂದ ಮುಂದಕ್ಕೆ ರಾಯಚೂರಿನ ರಿಮ್ಸ್ ಆಸ್ಪತ್ರೆಯೂ, 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯೂ ಇವೆ.

ನೆಲ್ಲಿನ ಗದ್ದೆಯ ಕಳೆಯನ್ನು ಬೀಜ ಕಟ್ಟುವ ಮೊದಲೇ ಕೀಳುವ ರೈತಬಾಂಧವರು ತಮ್ಮ ದೇಹದ ವಿಷಯದಲ್ಲಿಯೂ ಹಾಗೆಯೇ ಜಾಗರೂಕರಾಗಿರಬೇಕು.