ಕಾಪುವಿನ ದೀಪದ ಕೆಳಗೆ

ನಮ್ಮ ಹೈದರಾಬಾದಿನ ಮಕ್ಕಳಿಗೆ ಸಾಗರವೆಂದರೆ ಹುಸೇನ್ ಸಾಗರ. ಈ ಬೇಸಿಗೆಯ ರಜೆಯಲ್ಲಿ ಕಾಪುವಿನ ದೀಪಸ್ತಂಭದ ಬಳಿ ಒಂದು ಮನೆ ಹಿಡಿದು ನಾಲ್ಕು ದಿನ ಇದ್ದೆವು. ಊರಿನಿಂದ ಅತ್ತೆಯವರೂ ಬಂದು ಸೇರಿದರು. ಕಡಲನ್ನು ಕಂಡೊಡನೆ ಮಗಳು ಕೇಳಿದ್ದು, “ಆಚೆಯ ದಡ ಎಲ್ಲಿದೆ ಅಮ್ಮಾ?”

ಉಡುಪಿಯ ದಕ್ಷಿಣಕ್ಕೆ, ಕಡಲಂಚಿನ ಹೆಬ್ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ಸ್ತಂಭವಿದು. ಎತ್ತರ ಸುಮಾರು 27 ಮೀಟರು. ಆಗ ಎಣ್ಣೆಯ ದೀಪ, ಈಗ ವಿದ್ಯುತ್ತಿನದು. ಸಂಜೆ ಕೆಲಹೊತ್ತು ಮೇಲೆ ಹತ್ತಲು ಬಿಡುತ್ತಾರೆ. ಒಂದು ಕಡೆ ತೆಂಗಿನ ತೋಟಗಳು, ಇನ್ನೊಂದು ಕಡೆ ಮೀನುಗಾರರ ದೋಣಿಗಳು.

ರಾತ್ರಿ ಜಗಲಿಯಲ್ಲಿ ಕುಳಿತರೆ ಬೆಳಕು ನಮ್ಮ ತಲೆಯ ಮೇಲಿಂದಲೇ ಹಾಯ್ದು ಕಡಲಿಗೆ ಹೋಗುತ್ತಿತ್ತು.

“ನಮ್ಮ ಅಂಗಳಕ್ಕೆ ಬೀಳುವುದೇ ಇಲ್ಲವಲ್ಲ ಅಜ್ಜೀ?” ಎಂದಳು ಮಗಳು.

“ನಾವು ಮನೆಯಲ್ಲೇ ಇದ್ದೇವಲ್ಲ ಮಗಾ. ಅದು ದೂರ ಹೋದವರಿಗೆ,” ಎಂದರು ಅತ್ತೆ.

ಮಗನನ್ನು ಹೈದರಾಬಾದಿಗೆ ಕಳುಹಿಸಿ ಹದಿನೆಂಟು ವರ್ಷವಾದ ತಾಯಿ ಅವರು. ನಮ್ಮವರು ಮಾತಿಲ್ಲದೆ ಕಡಲನ್ನೇ ನೋಡುತ್ತ ಕುಳಿತರು.

ಆ ಕಡೆ ಹೋಗುವ ಸೋದರಿಯರೇ, ಒಂದು ರಾತ್ರಿಯಾದರೂ ಅಲ್ಲಿ ತಂಗಿರಿ. ಊರಿನಲ್ಲಿರುವ ಹಿರಿಯರನ್ನೂ ಜೊತೆಗೆ ಕರೆದುಕೊಳ್ಳಿರಿ.